ವಿಮಾನಕ್ಕೆ ಇನ್ನು ಹನ್ನೆರಡು ದಿನ

ಮೂಗಿಗೆ ನೀರು ನುಗ್ಗಿದ್ದು ಇದು ಒಂಬತ್ತನೇ ಸಲ. ಎದೆಮಟ್ಟದ ನೀರಿನಲ್ಲಿ ಐವತ್ತರ ಗಂಡಸು ಈಜುಕೊಳದ ಕಂಬಿಯನ್ನು ತಬ್ಬಿಕೊಂಡು ಕೆಮ್ಮಿದ. ಪಕ್ಕದಲ್ಲಿ ಅಂಗಾತ ತೇಲುತ್ತಿದ್ದ ಅಜ್ಜಿಯೊಬ್ಬರು ಕನಿಕರದಿಂದ ನೋಡಿದರು.

"ಅಂಕಲ್, ಆ ಈಜು ಕನ್ನಡಕದೊಳಗೂ ನೀರು ತುಂಬಿದೆ. ತೆಗೆದುಬಿಡಿ," ಎಂದಳು ಶಿಕ್ಷಕಿ. ಮಗಳ ವಯಸ್ಸಿನವಳು.

"ಬೇಡಮ್ಮ, ಕಣ್ಣು ಉರಿಯುತ್ತೆ."

ಕನ್ನಡಕವನ್ನಾಗಲಿ, ಕಿವಿ ಮುಚ್ಚುವ ಟೋಪಿಯನ್ನಾಗಲಿ ಅವನು ಬಟ್ಟೆ ಬದಲಿಸುವ ಕೋಣೆಯಲ್ಲೂ ತೆಗೆಯುತ್ತಿರಲಿಲ್ಲ. ಪರಿಚಯದವರ ಕಣ್ಣಿಗೆ ಬೀಳಬಾರದೆಂದೇ ಎರಡು ಬಸ್ಸು ಬದಲಿಸಿ ಊರಿನ ಈ ತುದಿಗೆ ಬರುತ್ತಿದ್ದ. ಎಂಟಕ್ಕೆ ಕೆಲಸಕ್ಕೆ ಹಾಜರಾಗಬೇಕು. ಒದ್ದೆ ತಲೆಯಲ್ಲಿ ಹೋದರೆ ಅಲ್ಲಿನವರು ಬೆಚ್ಚಿಬೀಳುತ್ತಾರೆ. ಇಷ್ಟು ವರ್ಷದ ಸೇವೆಯಲ್ಲಿ ಅವನ ಅಂಗಿಯ ಇಸ್ತ್ರಿ ಒಂದು ದಿನವೂ ಕೆಟ್ಟದ್ದಿಲ್ಲ.

ಇಷ್ಟಕ್ಕೆಲ್ಲ ಕಾರಣ ಹೆಂಡತಿ. ಬೆಟ್ಟ, ಕಾಡು, ನೆಂಟರ ಮನೆ ಎಂದು ಇಪ್ಪತ್ತು ವರ್ಷ ಅವನು ರಜೆಗಳನ್ನು ಸಮುದ್ರದಿಂದ ದೂರ ಸಾಗಿಸಿಕೊಂಡು ಬಂದಿದ್ದ. ಈ ಸಲ ಅವಳು ಕೇಳಲೇ ಇಲ್ಲ. ವಿಮಾನದ ಟಿಕೆಟ್ಟನ್ನೇ ತಂದು ಊಟದ ಮೇಜಿನ ಮೇಲಿಟ್ಟಳು. ತೆಂಗಿನ ಮರಗಳ ದ್ವೀಪ, ನೀರಿನ ಮೇಲೆ ಮರದ ಕೋಣೆ, ಬಾಗಿಲಿನಿಂದ ನೇರ ಸಮುದ್ರಕ್ಕೆ ಏಣಿ.

ವಿಮಾನದಲ್ಲಿ ಕಿವಿ ನೋಯುತ್ತದೆ ಎಂದ. ಹತ್ತಿ ತಂದಳು. ಬಿಸಿಲು ಎಂದ. ಕೊಡೆ ತಂದಳು. ಕೊನೆಗೆ ಅವನು ಟಿಕೆಟ್ ಏಜೆಂಟರಿಗೆ ಗುಟ್ಟಾಗಿ ಫೋನ್ ಮಾಡಿ, ಸೀಟಿನ ಕೆಳಗಿರುವ ತೇಲುವ ಜಾಕೆಟ್ಟನ್ನು ಹೋಟೆಲಿಗೆ ಒಯ್ಯಬಹುದೇ ಎಂದು ವಿಚಾರಿಸಿದ. ಅವರು ನಕ್ಕು ಫೋನ್ ಇಟ್ಟರು.

"ನಂಗೆ ಒಂದೇ ಆಸೆ ರೀ," ಎಂದಿದ್ದಳು ಹೆಂಡತಿ. "ನಿಮ್ಮ ಕೈ ಹಿಡ್ಕೊಂಡು ಆ ಏಣಿ ಇಳೀಬೇಕು. ನಂಗೆ ಈಜು ಬರಲ್ಲ, ಆದ್ರೂ ಭಯ ಇಲ್ಲ. ನಾನು ಮುಳುಗ್ತಿದ್ರೆ ನೀವೇನು ನಿಂತು ನೋಡ್ತೀರಾ?"

"ನಿಂತು ನೋಡೋದೇ ನನ್ನ ಕೆಲಸ," ಎಂದು ಅವಳನ್ನು ನಗಿಸಿದ.

ಗಂಡ ಮೀನಿನಂತೆ ಈಜುತ್ತಾನೆಂದು ಅವಳು ಮದುವೆಯ ದಿನದಿಂದ ನಂಬಿದ್ದಳು. ಹಾಗೆಂದು ಅವನು ಎಂದೂ ಹೇಳಿರಲಿಲ್ಲ. ಅಲ್ಲವೆಂದೂ ಹೇಳಿರಲಿಲ್ಲ. ಬಾಯಿ ಮುಚ್ಚಿಕೊಂಡೇ ಜಂಬ ಕೊಚ್ಚುವ ವಿದ್ಯೆ ಅವನಿಗೆ ಸಿದ್ಧಿಸಿತ್ತು. ಆದರೆ ಸಮುದ್ರದೆದುರು ಅದು ನಡೆಯುವುದಿಲ್ಲ. ಅವಳು ಕಾಲು ಜಾರಿದರೆ? ಮರುದಿನವೇ ಈ ಕೊಳದಲ್ಲಿ ಈಜು ಕಲಿಯಲು ಹೆಸರು ಬರೆಸಿದ.

"ಭಯ ಕಾಲಲ್ಲಿ ಇರಲ್ಲ ಅಂಕಲ್." ಶಿಕ್ಷಕಿ ಅವನ ಬೆನ್ನಡಿಗೆ ಅಂಗೈ ಕೊಟ್ಟಳು. "ಅದು ಇರೋದು..."

"ಕುತ್ತಿಗೇಲಿ," ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡ.

ಅವಳು ಅವನ ಕುತ್ತಿಗೆಯನ್ನೇ ನೋಡಿದಳು. ಬಿಸಿಲಿಗೆ ಕಪ್ಪಾದ ಚರ್ಮದ ಮೇಲೆ ದಾರದಷ್ಟು ತೆಳ್ಳಗೆ ಒಂದು ಬಿಳಿ ಗೆರೆ ಸುತ್ತಿಕೊಂಡಿತ್ತು.

"ಹೌದು, ಕುತ್ತಿಗೇಲಿ. ಗೊತ್ತಿದ್ರೆ ಸಡಿಲ ಬಿಡಿ ಮತ್ತೆ."

ಗೊತ್ತಿರುವುದಕ್ಕೇನು, ಎಲ್ಲ ಕಂಠಪಾಠ. ಮೊಣಕಾಲು ಮಡಚಬಾರದು. ಉಸಿರನ್ನು ಬಾಯಲ್ಲಿ ಎಳೆದು ಮೂಗಲ್ಲಿ ಬಿಡಬೇಕು. ದೇಹ ಮಾತ್ರ ಕಲ್ಲುಗುಂಡು. ಏಣಿಯ ಮೇಲೆ ನಿಂತ ಹೆಂಡತಿಯನ್ನು ನೆನೆದ. ಕುತ್ತಿಗೆ ಬಿಟ್ಟ. ಕಿವಿ ಮುಳುಗಿ ಲೋಕ ನಿಶ್ಶಬ್ದವಾಯಿತು. ಬೆನ್ನಡಿಯ ಅಂಗೈ ಯಾವಾಗ ಸರಿದಿತ್ತೋ. ಅವನು ತೇಲುತ್ತಿದ್ದ. ಕನ್ನಡಕ ಈ ಸಲ ಒಳಗಿನಿಂದ ತುಂಬಿಕೊಂಡಿತು.

ಎದ್ದು ನಿಂತು ಅವಳತ್ತ ತಿರುಗಿದ. "ಎಷ್ಟು ಚೆನ್ನಾಗಿ ಹೇಳಿಕೊಡ್ತೀಯಮ್ಮ. ನಿಂಗೆ ಯಾರು ಕಲಿಸಿದ್ದು?"

ಅವಳು ಮೆಲ್ಲನೆ ಕೈ ಚಾಚಿ ಅವನ ಕನ್ನಡಕ ತೆಗೆದಳು.

"ಊರಿನ ಆ ತುದಿಯ ಕೊಳದಲ್ಲಿ, ಕುತ್ತಿಗೆಗೆ ಸೀಟಿ ಹಾಕ್ಕೊಂಡು, ದಡದ ಮೇಲೆ ನಿಂತು ನಂಗೆ ಈಜು ಕಲಿಸಿದ್ದು ನೀವೇ ಅಲ್ವಾ, ಸರ್?"