ಸಡಿಲ ಬಿಟ್ಟ ಬೋಲ್ಟು

ಆ ಎಂಜಿನ್ ಕೂತದ್ದು ಅಕ್ಕನ ಬುದ್ಧಿಯಿಂದ ಎಂದು ನಾನು ಅಪ್ಪನಿಗೆ ಹೇಳಲೇ ಇಲ್ಲ. ಹೊಸ ರಬ್ಬರಿನ ವಾಸನೆ ಬಂದರೆ ಈಗಲೂ ಹಿರಿಯೂರಿನ ನಮ್ಮ ಗ್ಯಾರೇಜು ಕಣ್ಣೆದುರು ನಿಲ್ಲುತ್ತದೆ.

ಪರದೇಶದವರು ಒಳಗೇ ಅಡುಗೆ ಮಾಡಿ ಮಲಗುತ್ತಿದ್ದ ವ್ಯಾನಿಗೆ ಅಪ್ಪ ಬೇರೆ ಎಂಜಿನ್ ಇಳಿಸಿದ್ದ. ಎಂಜಿನ್ ಕೂರುವ ಹೊಸ ರಬ್ಬರ್ ಮೌಂಟಿಂಗನ್ನು ಒಂದು ಕಡೆ ಬಿಗಿದರೆ ಇನ್ನೊಂದು ಕಡೆಯ ತೂತು ಕೂಡುತ್ತಿರಲಿಲ್ಲ. ಬುತ್ತಿ ತಂದಿದ್ದ ಅಕ್ಕ ನನ್ನ ಕಿವಿಯಲ್ಲಿ, "ಕುರಿ ರೊಪ್ಪ ಕಟ್ಟಾಗ ಗೂಟಕ್ಕೆಲ್ಲ ಹಗ್ಗ ಸಡಿಲ ಸುತ್ತಿ, ಆಮೇಲೆ ಬಿಗಿಯಲ್ವೇನ್ಲೇ? ಹಂಗೇ ಇದು" ಎಂದಳು. ಅದನ್ನೇ ನನ್ನ ಮಾತೆಂಬಂತೆ ಕೂಗಿ ಹೇಳಿದೆ. ಅಪ್ಪ ಯಾವುದನ್ನೂ ಬಿಗಿಯದೆ ಸಡಿಲವಾಗಿಯೇ ತೂರಿಸಿದಾಗ ಬೋಲ್ಟುಗಳೆಲ್ಲ ಸಲೀಸಾಗಿ ಇಳಿದವು; ಬಿಗಿದದ್ದು ಕೊನೆಗೆ.

"ನನ್ ಮಗ ಮೇಸ್ತ್ರಿ ಆದ ಕಣ್ರಲೇ!" ಎಂದು ಅಪ್ಪ ಕೆಲಸದ ಹುಡುಗರಿಗೆ ಹೇಳಿ ಸ್ಪ್ಯಾನರನ್ನು ನನ್ನ ಕೈಗಿಟ್ಟ. ಅಕ್ಕ ನಗುತ್ತಲೇ ಕುರಿಗಳ ಹಿಂದೆ ಹೊರಟಳು.

ಮೊನ್ನೆ ನನ್ನ ಗ್ಯಾರೇಜಿನ ಹುಡುಗರನ್ನೆಲ್ಲ ಕರೆದು ಅವಳ ಮುಂದೆ ನಿಲ್ಲಿಸಿದೆ. "ನಂಗೆ ಕಲಿಸಿದ ಮೇಸ್ತ್ರಿ ಇವಳೇ ಕಣ್ರೋ. ತಪ್ಪಾತು, ಅಕ್ಕಾ."