ಉದ್ಘಾಟನೆಗೆ ಮುನ್ನ

ಮಂತ್ರಿಗಳು ಕತ್ತರಿಸಬೇಕಿದ್ದ ರಿಬ್ಬನ್ ಎರಡು ತುಂಡಾಗಿ ಸಾಹೇಬರ ಮೇಜಿನ ಮೇಲೆ ಬಿದ್ದಿತ್ತು. ಸರ್ಕಾರದ ಅನುದಾನದಲ್ಲಿ ಬಂದ ಹೊಸ ಅಗ್ನಿಶಾಮಕ ವಾಹನಕ್ಕೆ ಕಟ್ಟಿದ್ದ ರಿಬ್ಬನ್ ಅದು. ಉದ್ಘಾಟನೆಗೆ ಮೊದಲೇ ವಾಹನ ಹೊರಗೆ ತೆಗೆದನೆಂದು ಚಾಲಕ ಮಾಬುಸಾಬನನ್ನು ಜಿಲ್ಲಾ ಕಚೇರಿಗೆ ಕರೆಸಿದ್ದರು. ಕೂರು ಎನ್ನಲಿಲ್ಲ.

“ಇದನ್ನ ಕತ್ತರಿಸಿದವರು ಯಾರು?”

“ನಾನ ರೀ.”

“ನಾಳೆ ಮಂತ್ರಿಗಳಿಗೆ ಏನಂತ ಹೇಳಲಿ?”

“ಬೆಂಕಿ ಬಿದ್ದಿತ್ತು, ಒಳಗ ಇಬ್ಬರು ಸಿಕ್ಕೊಂಡಿದ್ರು, ಇಬ್ಬರೂ ಉಳಿದ್ರು ಅಂತ ಹೇಳ್ರಿ.”

“ಎದುರು ಮಾತಾಡಬ್ಯಾಡ. ತಪ್ಪಾತು ಅಂತ ಬರದು ಕೊಡು.”

“ಕೊಡೂದಿಲ್ಲ ರೀ. ನಾಳೆ ಮತ್ತ ಹಿಂಗಾದ್ರ ಮತ್ತ ಕತ್ತರಿಸ್ತೀನಿ. ಮಂತ್ರಿಗಳು ಮುಂದ ನಿಂತಿದ್ರೂ ಕತ್ತರಿಸ್ತೀನಿ.”

ಸಾಹೇಬರ ಮುಖ ಕೆಂಪೇರಿತು. “ಹೊಸಾದನ್ನ ಮುಟ್ಟಬ್ಯಾಡ ಅಂತ ಹೇಳಿದ್ನೋ ಇಲ್ಲೋ? ಇಷ್ಟು ವರ್ಷ ಊರಿನ ಬೆಂಕಿ ಎಲ್ಲಾ ಆರಿಸಿದ ಹಳೇ ಗಾಡಿ ಇತ್ತಲ್ಲ. ಅದನ್ನ ಬದಲಿಸ್ರಿ ಅಂತ ನೀವು ಅರ್ಜಿ ಮ್ಯಾಲ ಅರ್ಜಿ ಹಾಕಿದಾಗೆಲ್ಲ ಇನ್ನೂ ಗಟ್ಟಿ ಐತಿ ಅಂತ ನಾನ ಸಹಿ ಮಾಡೀನಿ. ಅದನ್ನ ಯಾಕ ಒಯ್ಯಲಿಲ್ಲ?”

ಮಾಬುಸಾಬ ಪಟ್ಟಿ ಕಟ್ಟಿದ ಕೈಯಿಂದ ರಿಬ್ಬನ್ನಿನ ತುಂಡುಗಳನ್ನು ಅವರತ್ತ ಸರಿಸಿದ.

“ಬೆಂಕಿ ಹತ್ತಿದ್ದು ಆ ಗಾಡಿಗೇ, ಸಾಹೇಬ್ರ.”