ಹನ್ನೆರಡನೆಯ ಚುಕ್ಕೆ

ಹನ್ನೊಂದನೆಯ ಚುಕ್ಕೆಯೂ ತನ್ನ ಮನೆಯ ಪಕ್ಕಕ್ಕೇ ಬಿದ್ದದ್ದು ಕಂಡು ಹೊಳೆಯಪ್ಪ ಹಾಸಿಗೆಯಿಂದಲೇ ಚೀರಿದ.

"ಏ ರಾಮವ್ವಾ! ಹಿತ್ತಲ ಬಾಗಲಾ ಹಾಕಿಯೇನ ಬೇ? ಮತ್ತೊಂದ ಬಿತ್ತ ನೋಡಿಲ್ಲೆ!"

ಎಮ್ಮೆಗೆ ನೀರು ಕುಡಿಸುತ್ತಿದ್ದ ರಾಮವ್ವ ಒಳಗೆ ಓಡಿ ಬಂದಳು. ಗಂಡ ಫೋನನ್ನು ಅವಳ ಮೂಗಿಗೆ ಹಿಡಿದ. ಅದರಲ್ಲಿ ಊರಿನ ನಕಾಶೆ. ಊರಾಚೆ ದಿಬ್ಬ, ದಿಬ್ಬದ ಮೇಲೆ ಅವರದೇ ಒಂಟಿ ಮನೆ. ಮನೆಯ ಸುತ್ತ ಕೆಂಪು ಚುಕ್ಕೆಗಳು, ತೆನೆಗೆ ಗುಬ್ಬಿ ಮುತ್ತಿದ ಹಾಗೆ.

ಊರಲ್ಲಿ ಚಿರತೆ ಕಾಣಿಸಿಕೊಂಡು ಎಂಟು ದಿನ. ಗ್ರಂಥಾಲಯ ನೋಡಿಕೊಳ್ಳುವ ನೀಲಾ ಈ ನಕಾಶೆಯನ್ನು ವೆಬ್‌ಸೈಟಿಗೆ ಏರಿಸಿ ಎಲ್ಲರ ವಾಟ್ಸಾಪಿಗೂ ಕಳಿಸಿದ್ದಳು. ಚಿರತೆ ಕಂಡವರು 'ಕಂಡೆ' ಎಂಬ ಗುಂಡಿ ಒತ್ತಬೇಕು. ಚುಕ್ಕೆ ತಾನೇ ಬೀಳುತ್ತದೆ. ಜೊತೆಗೊಂದು ತಾಕೀತು: ಬಾಯಿಮಾತು ಬೇಡ. ಬಾಯಿಂದ ಬಾಯಿಗೆ ಹೋದರೆ ಒಂದು ಚಿರತೆ ಸಂಜೆಯೊಳಗೆ ನಾಲ್ಕಾಗುತ್ತದೆ. ಒತ್ತಿ ಸುಮ್ಮನಿರಿ, ಬೇಕಾದವರು ನಕಾಶೆ ನೋಡಿಕೊಳ್ಳಲಿ.

ಹೊಳೆಯಪ್ಪನಿಗೆ ಅದನ್ನು ನೋಡುವುದು ಬಿಟ್ಟು ಬೇರೆ ಕೆಲಸವೂ ಇರಲಿಲ್ಲ. ಕಲಘಟಗಿ ಸಂತೆಯಿಂದ ಬರುವಾಗ ಬೈಕಿನಿಂದ ಬಿದ್ದು, ಬಲಗಾಲು ಎರಡು ಕಡೆ ಮುರಿದು ತಿಂಗಳಾಗಿತ್ತು. ತೊಡೆಯವರೆಗೆ ಪ್ಲಾಸ್ಟರ್. ಹೊತ್ತು ಹೋಗಲೆಂದು ಭಾವಮೈದುನ ತಂದುಕೊಟ್ಟ ದೊಡ್ಡ ಫೋನು ಕೂಡ ಅವನ ಹಾಗೆಯೇ ಹೊಸ್ತಿಲು ದಾಟಿರಲಿಲ್ಲ. ಊರನ್ನೇ ಗದರಿಸುತ್ತಿದ್ದ ಆಳು ಮೂರು ಮೊಳ ಜಾಗದಲ್ಲಿ ಕಟ್ಟುಬಿದ್ದಿದ್ದ.

ಸಿಟ್ಟು ಮಾತ್ರ ಕಟ್ಟುಬಿದ್ದಿರಲಿಲ್ಲ. ಕಾಲು ಹೇಗಿದೆ ಎಂದು ಕೇಳುವ ನೆಪದಲ್ಲಿ ಬಂದು, ಕಟ್ಟೆಯ ಮೇಲೆ ಫೋನು ತಿಕ್ಕುತ್ತ ಕೂಡುವವರನ್ನು ಕಂಡರೆ ಅವನ ಮೈ ಉರಿಯುತ್ತಿತ್ತು. ನಿನ್ನೆ ಹೊಲದ ಕಡೆಯಿಂದ ಬಂದ ಮಾಂತೇಶನಿಗೂ ಕಿಟಕಿಯಿಂದಲೇ ಬೈದಿದ್ದ.

"ನನ್ನ ಕಟ್ಟಿ ಏನ ಬಸ್‌ಸ್ಟ್ಯಾಂಡ್ ಅಂತ ತಿಳಕೊಂಡೀರೇನಲೇ? ಚಿರತಿ ನನ್ನ ಮನಿ ಸುತ್ತ ಹಾಕೇತಿ, ನಿಮಗ ಮಜಾ ನೋಡೂ ಚಟಾ!"

"ಕಾಕಾ, ನಿಮ್ಮ ಬಾಯಿ ಕೇಳಿದ್ರ ಚಿರತಿ ತಾನ ಊರ ಬಿಟ್ಟ ಹೋಗತೈತಿ ತಗೋರಿ," ಎಂದು ನಕ್ಕು ಮಾಂತೇಶ ದಿಬ್ಬ ಇಳಿದಿದ್ದ.

ಈಗ ಹೊಳೆಯಪ್ಪ ಹೆಂಡತಿಗೆ ನಕಾಶೆಯ ಇನ್ನೊಂದು ಮೂಲೆ ತೋರಿಸಿದ. ಹಳ್ಳದ ದಂಡೆ, ಅವರ ಗೋವಿನಜೋಳದ ಹೊಲ, ಹೊಲದಲ್ಲಿ ಗುಡಿಸಲು. ಅಲ್ಲಿ ಒಂದೂ ಚುಕ್ಕೆ ಇಲ್ಲ. ಅಡವಿಯಂಚಿನವರೆಗೂ ಅಚ್ಚ ಹಸಿರು.

"ಎಮ್ಮಿ ಹೊಡಕೊಂಡ ಅಲ್ಲಿಗೆ ಹೋಗ. ಇದನ್ನ ಹಿಡಿಯೂತನಕಾ ಗುಡಿಸಲದಾಗ ಇರು."

"ಅಡವಿ ಬಾಜೂಕ ಒಬ್ಬಾಕಿನ ಹೆಂಗ ಇರ್ಲಿರೀ? ನನಗ ಯಾಕೋ ಅಲ್ಲೇ ಹೆಚ್ಚ ಅಂಜಿಕಿ. ಇಲ್ಲೇ ನಿಮ್ಮ ಕೂಡ ಇರ್ತೀನಿ."

"ನಿನ್ನ ಅಂಜಿಕಿ ತಗೊಂಡ ಒಲಿಗಿ ಹಾಕ! ಕಣ್ಣಿಗಿ ಕಾಣವಲ್ದೇನು? ಅದು ಒಳಗ ಬಂದ್ರ ನನಗ ಏಳಾಕೂ ಬರೂದಿಲ್ಲ, ನಿನ್ನ ಬಿಡಿಸಾಕೂ ಬರೂದಿಲ್ಲ. ನನ್ನ ಎದರಿಗೇ ನಿನ್ನ ಎಳಕೊಂಡ ಹೋದ್ರ ನಾ ನೋಡಕೋತ ಮಲಗಲೇನು?"

ಕೊನೆಯ ಮಾತಿಗೆ ಅವನ ದನಿ ಒಡೆಯಿತು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ರಾಮವ್ವ ಆ ದನಿ ಕೇಳಿರಲಿಲ್ಲ. ಎರಡು ದಿನಕ್ಕಾಗುವಷ್ಟು ರೊಟ್ಟಿ ಬಡಿದಿಟ್ಟಳು. ನೀರಿನ ತಂಬಿಗೆಯನ್ನು ಅವನ ಕೈಗೆಟುಕುವಂತೆ ಇಟ್ಟಳು. ತನ್ನ ಸಣ್ಣ ಫೋನನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಹೊರಗಿನಿಂದ ಬಾಗಿಲಿಗೆ ಕೊಂಡಿ ಹಾಕಿ, ಎಮ್ಮೆ ಕರು ಹೊಡೆದುಕೊಂಡು ದಿಬ್ಬ ಇಳಿದಳು.

ಮಧ್ಯಾಹ್ನ ಅವನು ಅವಳಿಗೆ ಫೋನು ಹಚ್ಚಿದ. 'ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ' ಎಂದಿತು ಹೆಣ್ಣು ದನಿ.

ಹೊರಗೇ ಇರಲಿ, ಎಂದುಕೊಂಡ ಹೊಳೆಯಪ್ಪ. ಚಿರತೆಯ ಸರಹದ್ದು ದಾಟಿದಳಲ್ಲ, ಅಷ್ಟೇ ಬೇಕಾಗಿದ್ದು. ಎಂಟು ದಿನಗಳಲ್ಲಿ ಮೊದಲ ಸಲ ಅವನಿಗೆ ಕಣ್ಣು ಹತ್ತಿತು.

ಕಟ್ಟೆಯ ಮೇಲೆ ಧೊಪ್ಪೆಂದು ಏನೋ ಬಿದ್ದ ಸದ್ದಿಗೆ ಎಚ್ಚರಾಯಿತು. ಹೊರಗೆ ಬಿಸಿಲು ಇನ್ನೂ ಇಳಿದಿರಲಿಲ್ಲ. ಕಿಟಕಿಯ ಕೆಳಗೇ ಏದುಸಿರು. ಊರುಗೋಲಿಗೆ ತಡಕಾಡಿದ, ಸಿಗಲಿಲ್ಲ. ಎದೆಯ ಮೇಲಿದ್ದ ಫೋನು ಟಿಣ್ ಎಂದಿತು. ಹನ್ನೆರಡನೆಯ ಚುಕ್ಕೆ. ಈ ಸಲ ಪಕ್ಕದಲ್ಲಲ್ಲ, ಸೀದಾ ಅವನ ಮನೆಯ ಮೇಲೆ.

ಉಸಿರು ಬಿಗಿಹಿಡಿದು ಕಿಟಕಿಯತ್ತ ಹೊರಳಿದ. ಸರಳುಗಳಾಚೆ ಒಂದು ತಲೆ ಮೇಲೆದ್ದಿತು. ಬುಡನಸಾಬ, ಅವರ ಹೊಲದ ಬದುವಿನಾಚೆಯ ಹೊಲದವನು. ಮೈಯೆಲ್ಲ ಬೆವರು, ಒಂದು ಕಾಲಲ್ಲಿ ಚಪ್ಪಲಿ ಇಲ್ಲ, ಕೈಯಲ್ಲಿ ಫೋನು.

"ಕೊಂಡಿ ತಗದ ಒಳಗ ಬಾರಲೇ ಬುಡನಸಾಬಾ! ಇಲ್ಲೇ ಐತಿ ಅದು! ಚುಕ್ಕಿ ನನ್ನ ಮನಿ ಮ್ಯಾಲೇ ಬಿತ್ತ!"

"ಅದನ್ನ ಒತ್ತಿದಾಂವ ನಾನ ಮಾರಾಯಾ," ಎಂದ ಬುಡನಸಾಬ, ಕಟ್ಟೆಯ ಮೇಲೆ ಮತ್ತೆ ಕುಸಿಯುತ್ತ. "ಇಲ್ಲೆಲ್ಲೈತಿ ಚಿರತಿ? ಇಲ್ಲಿ ಒಬ್ರರ ಕಂಡಾರೇನು? ಒತ್ತಿದಲ್ಲೇ ಚುಕ್ಕಿ ಬೀಳತೈತಿ. ಹೊಲದ ಕಡಿಂದ ಬಂದ್ರ ಮೊದಲ ರೇಂಜ್ ಸಿಗೂದ ನಿನ್ನ ಕಟ್ಟಿ ಮ್ಯಾಲ. ಕಂಡಾವರೆಲ್ಲಾ ಓಡಿ ಬಂದ ಇಲ್ಲೇ ಒತ್ತತೀವಿ."

ಹೊಳೆಯಪ್ಪ ಕಿಟಕಿಯ ಸರಳು ಹಿಡಿದ.

"ಹಂಗಾರ... ಕಂಡದ್ದ ಎಲ್ಲಿ?"

"ಎಲ್ಲಿ ಅಂದ್ರ? ಎಂಟ ದಿನದಿಂದ ಅದ ನಿನ್ನ ಗುಡಿಸಲದ ಹಿಂದ, ಹಳ್ಳದಾಗ ಠಿಕಾಣಿ ಹಾಕೇತಲ್ಲೋ."